ನಾಲೆ ಸೇತುವೆಯಿಂದ ಅರಳಿಮರದವರೆಗೆ

ರೊಟೇಶನ್ ಪಾಠ ಬಂದಾಗಲೆಲ್ಲ ಕೀರ್ತನ ಪುಸ್ತಕ ಮುಚ್ಚಿಬಿಡುತ್ತಿದ್ದಳು. ಅದಕ್ಕಿಂತ ಹಿಂದಿನ ಪಾಠಗಳೆಲ್ಲ ಅವಳಿಗೆ ನೀರು ಕುಡಿದಷ್ಟು ಸಲೀಸು, ಮುಂದಿನವೂ ಅಷ್ಟೇ. ನಡುವಿನ ಈ ಒಂದು ಪಾಠದ ಹತ್ತಿರ ಮಾತ್ರ ಮೊಂಡು ಎತ್ತಿನ ಹಾಗೆ ನಿಂತುಬಿಡುವಳು. ಗಾಲಿ, ಬುಗುರಿ, ರಾಟೆ, ಉರುಳುವ ಗುಂಡು, ಹೀಗೆ ತಿರುಗುವ ವಸ್ತುಗಳ ಲೆಕ್ಕವೆಲ್ಲ ಬರುವುದು ಆ ಪಾಠದಲ್ಲಿ. ಜೆಇಇ ಪರೀಕ್ಷೆಗೆ ಕೂರುವವರು ಅದನ್ನು ಬಿಟ್ಟರೆ ಸೀಟಿನ ಆಸೆಯನ್ನೂ ಬಿಡಬೇಕು ಎಂದು ನಾನು ಪ್ರತಿ ವರ್ಷ ಹೇಳುತ್ತೇನೆ. ಹೇಳಿ ಹೇಳಿ ನನ್ನ ಗಂಟಲು ಕೆಟ್ಟಿದೆಯೇ ಹೊರತು ಇನ್ನೇನೂ ಆಗಿಲ್ಲ.

ನನ್ನ ಹೆಸರು ಆರತಿ. ಪಾಂಡವಪುರದ ಒಂದು ಪಿಯು ಕಾಲೇಜಿನಲ್ಲಿ ಫಿಸಿಕ್ಸ್ ಲೆಕ್ಚರರು. ಮನೆ ಶ್ರೀರಂಗಪಟ್ಟಣದಲ್ಲಿ, ಅಪ್ಪ ನಂಜುಂಡಯ್ಯನವರು ಅಲ್ಲಿನ ಒಂದು ಸಣ್ಣ ಗುಡಿಯ ಅರ್ಚಕರಾಗಿದ್ದವರು. ಕಾಲೇಜು ಬಿಟ್ಟ ಮೇಲೆ ಬಸ್‌ಸ್ಟ್ಯಾಂಡಿನ ಹಿಂದಿರುವ ಬಾಡಿಗೆ ರೂಮಿನಲ್ಲಿ ಟ್ಯೂಷನ್ ಮಾಡಿ ಬಸ್ಸು ಹಿಡಿಯುತ್ತೇನೆ. ಮಕ್ಕಳು ನನಗಿಟ್ಟಿರುವ ಹೆಸರು ಮೆಣಸಿನಕಾಯಿ ಮೇಡಂ. ಅದು ನನಗೆ ಗೊತ್ತಿಲ್ಲ ಎಂದುಕೊಂಡಿದ್ದಾರೆ. ಅಂದುಕೊಳ್ಳಲಿ, ಅದರಿಂದ ನನಗೆ ಉಪಯೋಗವೇ ಇದೆ.

ಕೀರ್ತನ ಆಚಾರ್ರ ಮನೆಯ ಹುಡುಗಿ. ಅವಳ ಅಪ್ಪ ಸುಬ್ರಹ್ಮಣ್ಯ ಆಚಾರ್ರದು ತಲೆತಲಾಂತರದಿಂದ ಕಮ್ಮಾರಿಕೆ, ಈಗ ಅದೇ ಜಾಗದಲ್ಲಿ ವೆಲ್ಡಿಂಗ್ ಶಾಪು. ತಾಯಿ ಪುಟ್ಟಲಕ್ಷ್ಮಿ ಹೋದ ಆಷಾಢದಲ್ಲಿ ಬೈಕಿನಿಂದ ಬಿದ್ದು ತೀರಿಕೊಂಡಿದ್ದಳು. ನನಗೆ ಗೊತ್ತಿದ್ದುದು ಅಷ್ಟೇ. ಹೇಗೆ ಬಿದ್ದಳು, ಎಲ್ಲಿ ಬಿದ್ದಳು ಎಂದು ನಾನು ಕೇಳಿರಲಿಲ್ಲ. ಸಾವಿನ ಮನೆಯವರನ್ನು ಕೆದಕಿ ಕೆದಕಿ ಕೇಳುವ ಜನರನ್ನು ಕಂಡರೆ ನನಗೆ ಮೈ ಉರಿಯುತ್ತದೆ.

ತಾಯಿ ಹೋದ ಮೇಲೆ ಆ ಹುಡುಗಿ ಓದಿದ ರೀತಿ ನೋಡಿ ನನಗೇ ದಿಗಿಲಾಗಿತ್ತು. ಆಡುತ್ತಿರಲಿಲ್ಲ, ನಗುತ್ತಿರಲಿಲ್ಲ, ಅಳುತ್ತಲೂ ಇರಲಿಲ್ಲ. ಕೊಟ್ಟ ಲೆಕ್ಕವನ್ನೆಲ್ಲ ನುಂಗಿ ಇನ್ನೂ ಕೊಡಿ ಅನ್ನುತ್ತಿದ್ದಳು. ಇವಳಿಗೆ ಸೀಟು ಸಿಗದಿದ್ದರೆ ನಾನು ಸೀಮೆಸುಣ್ಣ ಮುಟ್ಟುವುದಿಲ್ಲ ಎಂದು ಸ್ಟಾಫ್ ರೂಮಿನಲ್ಲಿ ಜಂಬ ಕೊಚ್ಚಿಕೊಂಡೂ ಇದ್ದೆ. ಆಮೇಲೆ ಈ ರೊಟೇಶನ್ ಬಂತು.

ಮೊದಲ ದಿನ ಬೋರ್ಡಿನ ಮೇಲೆ ಒಂದು ಗಾಲಿ ಬರೆದೆ. "ಈ ಗಾಲಿಗೆ ಹಗ್ಗ ಸುತ್ತಿದೆ. ಹಗ್ಗದ ತುದಿ ಹಿಡಿದು ಎಳೀತೀವಿ. ಗಾಲಿ ಎಷ್ಟು ವೇಗವಾಗಿ ತಿರುಗುತ್ತೆ?" ಎಂದು ಕೇಳಿ ತಿರುಗಿ ನೋಡಿದರೆ ಕೀರ್ತನಳ ಜಾಗ ಖಾಲಿ. ಹೊರಗೆ ನಲ್ಲಿಯ ಹತ್ತಿರ ನಿಂತು ಮುಖ ತೊಳೆಯುತ್ತಿದ್ದಳು. ಬಿಸಿಲಿಗೆ ಏನೋ ಆಗಿರಬೇಕು ಎಂದು ಸುಮ್ಮನಾದೆ. ಮಾರನೆಯ ದಿನವೂ ಅದೇ ಆಯಿತು. ಆಮೇಲೆ ಒಂದು ಮಾದರಿ ಪರೀಕ್ಷೆ ಕೊಟ್ಟೆ. ಗಾಲಿ, ಹಗ್ಗ, ರಾಟೆ ಬಂದ ಪ್ರಶ್ನೆಗಳನ್ನೆಲ್ಲ ಮುಟ್ಟದೆ ಹಾಗೇ ಬಿಟ್ಟಿದ್ದಳು. ಉಳಿದದ್ದರಲ್ಲಿ ಒಂದೂ ತಪ್ಪಿಲ್ಲ.

"ಏನೇ ಇದು? ಪರೀಕ್ಷೆಗೆ ಇನ್ನು ತಿಂಗಳೊಪ್ಪತ್ತಿದೆ," ಎಂದೆ.

"ಆ ಪಾಠ ಬಿಟ್ಟು ಬರೀತೀನಿ ಮೇಡಂ."

"ಉಪ್ಪು ಬಿಟ್ಟು ಸಾರು ಮಾಡ್ತೀನಿ ಅಂದ ಹಾಗಾಯ್ತು. ಯಾಕೆ ಬಿಡ್ತೀಯ? ಅರ್ಥ ಆಗದಿದ್ರೆ ಹೇಳು, ಇನ್ನೊಂದು ಸಲ ಮಾಡ್ತೀನಿ."

"ಅರ್ಥ ಆಗ್ತದೆ ಮೇಡಂ," ಎಂದಳು. ಆಮೇಲೆ ಎಷ್ಟು ಕೇಳಿದರೂ ಬಾಯಿ ಬಿಡಲಿಲ್ಲ. ಮೆಣಸಿನಕಾಯಿಯ ಖಾರವೆಲ್ಲ ದಂಡವಾಯಿತು.

ಸಿಟ್ಟು ಬಂದರೆ ನಾನು ಒಂದು ಕಡೆ ಕೂರುವ ಜಾತಿಯವಳಲ್ಲ. ಮಾರನೆಯ ದಿನ ಕಾಲೇಜಿನಿಂದ ನೇರವಾಗಿ ಕ್ಯಾತನಹಳ್ಳಿ ರಸ್ತೆಯಲ್ಲಿರುವ ಆಚಾರ್ರ ಶಾಪಿಗೆ ಹೋದೆ. ಮಗಳ ಓದಿನ ಮೇಲೆ ನಿಗಾ ಇಡುವುದಕ್ಕೆ ಆಗದಿದ್ದರೆ ಟ್ಯೂಷನ್‌ಗೆ ಯಾಕೆ ಕಳಿಸುತ್ತೀರಿ ಎಂದು ಕೇಳುವ ಮಾತನ್ನು ದಾರಿಯುದ್ದಕ್ಕೂ ಜೋಡಿಸಿಕೊಂಡಿದ್ದೆ.

ಶಾಪಿನ ಒಳಗೆ ಕಿಟಕಿಯ ಗ್ರಿಲ್ಲು, ಗೇಟು, ಕಬ್ಬು ಹೇರುವ ಟ್ರೇಲರಿನ ಮುರಿದ ಕೊಕ್ಕೆ. ಒಂದು ಗೋಡೆಯ ತುಂಬ ಸೀರೆ ಗಾರ್ಡುಗಳು. ಬೈಕಿನ ಹಿಂದೆ ಪಕ್ಕಕ್ಕೆ ಕೂತ ಹೆಂಗಸರ ಸೀರೆ ಗಾಲಿಗೆ ಸಿಕ್ಕದ ಹಾಗೆ ಕೂರಿಸುತ್ತಾರಲ್ಲ, ಆ ಕಂಬಿಯ ಬಲೆ. ಕಂಪನಿಯವರು ಕೊಡುವುದು ತೆಳು, ನಮ್ಮ ಕಡೆಯ ರಸ್ತೆಗೆ ಬೇಗ ಬಗ್ಗಿಹೋಗುತ್ತದೆ. ಅದಕ್ಕೇ ಸುತ್ತಲಿನ ಊರಿನವರೆಲ್ಲ ಆಚಾರ್ರ ಗಾರ್ಡು ಹಾಕಿಸಿಕೊಳ್ಳುತ್ತಾರೆ ಎಂದು ಕೇಳಿದ್ದೆ. ಗೋಡೆಯ ಮೇಲಿನವಕ್ಕೆಲ್ಲ ಧೂಳು ಕೂತಿತ್ತು, ಒಂದೆರಡಕ್ಕೆ ತುಕ್ಕೂ ಹಿಡಿದಿತ್ತು.

ಆಚಾರ್ರು ವೆಲ್ಡಿಂಗ್ ನಿಲ್ಲಿಸಿ, ಸ್ಟೂಲನ್ನು ಹೆಗಲ ಮೇಲಿನ ಟವಲಿನಿಂದ ಒರೆಸಿ ನನ್ನ ಮುಂದಿಟ್ಟರು. "ಕೂತ್ಕಳಿ ಮೇಡಮ್ಮೋರೆ. ಮಗು ಏನಾರ ತಪ್ಪು ಮಾಡ್ತಾ?"

"ಒಂದು ಇಡೀ ಪಾಠಾನೇ ಓದ್ತಿಲ್ಲ. ಬೇರೆ ಯಾವುದೋ ಆಗಿದ್ರೆ ಹೋಗಲಿ ಅನ್ನಬಹುದಾಗಿತ್ತು. ಗಾಲಿ ತಿರುಗೋ ಪಾಠ, ತುಂಬ ಮುಖ್ಯವಾದ್ದು."

ಆಚಾರ್ರು ಕೈಗವಸು ಬಿಚ್ಚುತ್ತಿದ್ದವರು ಅರ್ಧಕ್ಕೇ ನಿಲ್ಲಿಸಿದರು. "ನಿಮಗೆ ಗೊತ್ತಿಲ್ಲ ಅನ್ನಿ," ಎಂದರು.

"ಏನು ಗೊತ್ತಿಲ್ಲ?"

"ಅವ್ರವ್ವ ಎಂಗೋದ್ಲು ಅಂತ."

ನಾನು ಜೋಡಿಸಿಕೊಂಡು ಬಂದಿದ್ದ ಮಾತೆಲ್ಲ ಅಲ್ಲೇ ಚೆಲ್ಲಿಹೋಯಿತು. ಆಚಾರ್ರು ನೆಲದ ಮೇಲೆ ಕೂತರು. ನನ್ನ ಕಡೆ ನೋಡದೆ, ಬಾಗಿಲಾಚೆಯ ರಸ್ತೆಗೆ ಹೇಳುವ ಹಾಗೆ ಹೇಳಿದರು.

"ಅವತ್ತು ಭೀಮನಮಾಸೆ. ನನ್ನ ಕಾಲು ತೊಳ್ದು ಪೂಜೆ ಮಾಡಿದ್ಲು. ಆಮ್ಯಾಲೆ ನಾಗಮಂಗ್ಲದ ಕಡೆ ನಮ್ಮ ಕಾಳಮ್ಮನ ಗುಡಿ ಅದೆ, ಅಲ್ಲಿಗೆ ಓಗ್ಬರಮಾ ಅಂದ್ಲು. ಮುಂಚಿನ ದಿನ ನಾನು ನನ್ನ ಗಾಡಿ ಗಾರ್ಡು ಬಿಚ್ಚಿ ಇಲ್ಲಿಗೆ ತಂದಿದ್ದೆ. ಅದುನ್ನ ಮಾದ್ರಿ ಮಡೀಕಂಡು ಇನ್ನೊಂದಷ್ಟು ಮಾಡ್ಬೇಕಾಗಿತ್ತು. ವಾಪಸ್ ಆಕದು ಮರ್ತೋಯ್ತು. ಬೆಳಿಗ್ಗೆ ಗ್ಯಾಪ್ನ ಬಂತು. ಆದ್ರೆ ಬೆಳಿಗ್ಗೆ ಅಮಾಸೆ."

ಅಮಾವಾಸ್ಯೆಯ ದಿನ ಆಚಾರ್ರ ಮನೆಗಳಲ್ಲಿ ಉಪಕರಣ ಮುಟ್ಟುವುದಿಲ್ಲ. ಸುತ್ತಿಗೆ, ಇಕ್ಕಳ, ಸ್ಪ್ಯಾನರು, ಅಳತೆಪಟ್ಟಿ, ಎಲ್ಲವನ್ನೂ ತೊಳೆದು ಸಾಲಾಗಿ ಇಟ್ಟು ಕುಂಕುಮ ಹಚ್ಚಿ ಕೈಮುಗಿಯುತ್ತಾರೆ. ಅವತ್ತು ಅವು ದೇವರು. ದೇವರನ್ನು ಹಿಡಿದು ನಟ್ಟು ಬಿಗಿಯುವ ಹಾಗಿಲ್ಲ. ಇದನ್ನು ಕೇಳಿ ನಗುವ ಹಕ್ಕು ನನಗಂತೂ ಇಲ್ಲ. ಮೈಲಿಗೆಯಾಯಿತೆಂದು ಚಳಿಜ್ವರದಲ್ಲಿ ತಣ್ಣೀರು ಸುರಿದುಕೊಂಡ ಅಪ್ಪನ ಮನೆಯಲ್ಲಿ ಬೆಳೆದವಳು ನಾನು.

"ಎರಡೇ ಎರಡು ನಟ್ಟು ಮೇಡಮ್ಮೋರೆ. ಮುಟ್ಟಂಗಿರ್ನಿಲ್ಲ. ಸೆರಗು ಸೊಂಟುಕ್ಕೆ ಬಿಗಿಯಾಗಿ ಸಿಗುಸ್ಕೊ ಅಂದೆ, ಸಿಗುಸ್ಕಂಡ್ಲು. ರೇಸ್ಮೆ ಸೀರೆ, ಗಾಳಿ ಬ್ಯಾರೆ, ಎಲ್ಲಿ ನಿಂತದು. ಗಾರ್ಡಿಂದು ನನ್ನ ಪಾಲು, ಅದುನ್ನ ನಾನು ಒತ್ಕಂಡಿವ್ನಿ. ಸಾಯಗಂಟ ಒತ್ಕತೀನಿ. ಅದುಕ್ಕೆ ಯಾರ ಲೆಕ್ಕಾನೂ ಬ್ಯಾಡ." ಆಚಾರ್ರು ಟವಲಿನಿಂದ ಮುಖ ಒರೆಸಿಕೊಂಡರು. "ನನ್ನ ತಿಂತಾ ಇರದು ಇನ್ನೊಂದು. ನಾಲೆ ಸೇತುವೆ ಅತ್ತುದ್ವಿ. ಅಲ್ಲಿ 'ರೀ' ಅಂದ್ಲು. ಎದುರ್ಗೆ ಕಬ್ಬಿನ ಟ್ರಾಕ್ಟರು ಬತ್ತಿತ್ತು. ನಾನು 'ಇರು' ಅಂದೆ. ಸೇತುವೆ ದಾಟ್ದೆ. ಮುಂದ್ಕೆ ಒಂದು ಅರಳಿಮರ ಸಿಕ್ತದೆ. ಆ ಮರದ ತಾವು ಗಾಡಿ ಇಂದಕ್ಕೆ ಎಳ್ದಂಗಾಯ್ತು."

ಅಲ್ಲಿಗೆ ನಿಲ್ಲಿಸಿದರು.

"ಸೇತುವೆಯಿಂದ ಅರಳಿಮರದ ಗಂಟ ಸೆರಗು ಗಾಲಿಗೆ ಸುತ್ಕತಾ ಇತ್ತು," ಎಂದು ಮತ್ತೆ ಶುರುಮಾಡಿದರು. "ನೂಲು ಸುತ್ಕಳಂಗೆ ಒಂದೊಂದೇ ಸುತ್ತು. ಅವ್ಳು ಕರ್ದ್ಲು. ನಾನು ಇರು ಅಂದ್ಕಂಡು ಗಾಡಿ ಓಡುಸ್ದೆ. ಕಣ್ಣು ಮುಚ್ಚುದ್ರೆ ಇದೇ ಕಾಣ್ತದೆ. ತಿಥಿ ದಿನ ನೆಂಟ್ರ ಮುಂದೆ ಯೋಳ್ಕಂಡು ಅತ್ತುಬುಟ್ಟೆ. ಮಗು ಬಾಗ್ಲಲ್ಲಿ ನಿಂತು ಕೇಳುಸ್ಕತು. ಅವತ್ತಿಂದ ನನ್ನ ಅಪ್ಪ ಅಂತ ಕರ್ದಿಲ್ಲ. ಜಗಳ ಇಲ್ಲ, ಏನಿಲ್ಲ. ತಟ್ಟೆ ತಂದು ಮುಂದೆ ಮಡುಗ್ತದೆ, ಓಯ್ತದೆ."

ನಾನು ಸ್ಟೂಲನ್ನು ಅವರ ಹತ್ತಿರಕ್ಕೆ ಎಳೆದುಕೊಂಡು ಕೂತೆ.

ಆಗ ಆಚಾರ್ರು ಕೇಳಿದರು. "ನಿಮ್ಮ ಪುಸ್ತಕದಲ್ಲಿ ಇದುಕ್ಕೆ ಲೆಕ್ಕ ಅದಾ ಮೇಡಮ್ಮೋರೆ? ಅವ್ಳು ರೀ ಅಂದೇಟ್ಗೆ ನಾನು ಬ್ರೇಕ್ ಆಕಿದ್ರೆ ಉಳ್ಕತಿದ್ಲಾ?"

"ನೋಡ್ತೀನಿ ಆಚಾರ್ರೇ," ಎಂದು ಎದ್ದು ಬಂದೆ. ಕೇಳಬೇಕೆಂದು ಹೋದವಳು ಕೇಳಿಸಿಕೊಂಡು ವಾಪಸ್ಸಾದೆ.

ಬಸ್ಸಿನಲ್ಲಿ ಕೂತಾಗ ಮನಸ್ಸು ತಾನಾಗಿ ಲೆಕ್ಕಕ್ಕೆ ಇಳಿಯಿತು. ಗಾಲಿಯ ಅಳತೆ ಇಷ್ಟು, ಗಾಡಿಯ ವೇಗ ಇಷ್ಟು ಎಂದು ಅಂದಾಜು ಹಿಡಿದರೆ ಉತ್ತರ ಯಾವ ಕಡೆ ಹೋಗುತ್ತದೆ ಎಂಬುದು ಬಸ್ಸು ರೈಲ್ವೆ ಸ್ಟೇಷನ್ ದಾಟುವ ಮೊದಲೇ ಹೊಳೆಯಿತು. ಅಲ್ಲಿಗೆ ಬಿಟ್ಟುಬಿಟ್ಟೆ. ನಾನು ಹೋಗಿ ಹೇಳಿದರೆ ಆ ಮನುಷ್ಯ ಸಮಾಧಾನಕ್ಕೆ ಹೇಳುತ್ತಿದ್ದಾಳೆ ಅಂದುಕೊಳ್ಳುತ್ತಾರೆ. ಮಗಳಂತೂ ನಂಬುವುದೇ ಇಲ್ಲ. ಇದನ್ನು ಅವಳೇ ಮಾಡಬೇಕಾಗಿತ್ತು. ಮಾಡು ಎಂದು ಹೇಳುವ ಧೈರ್ಯ ನನಗೆ ಬೇಕಾಗಿತ್ತು, ಅದು ಆ ಹೊತ್ತಿಗೆ ನನ್ನ ಹತ್ತಿರ ಇರಲಿಲ್ಲ.

ಮಾರನೆಯ ಸಂಜೆ ಬೇರೆ ಮಕ್ಕಳನ್ನೆಲ್ಲ ಕಳಿಸಿ ಕೀರ್ತನಳನ್ನು ಕೂರಿಸಿಕೊಂಡೆ.

"ನಿಮ್ಮಪ್ಪ ನನ್ನ ಹತ್ರ ಒಂದು ಲೆಕ್ಕ ಕೇಳಿದ್ದಾರೆ. ಅದು ರೊಟೇಶನ್ ಲೆಕ್ಕ. ಏನು ಅಂತ ನಿನಗೆ ಗೊತ್ತು. ನಾನು ಮಾಡಿಕೊಡಲ್ಲ."

ಅವಳು ತಲೆ ಎತ್ತಲಿಲ್ಲ. "ಅದಕ್ಕೆ ಲೆಕ್ಕ ಯಾಕೆ ಮೇಡಂ. ಅಮ್ಮ ಕೂಗಿದ್ಲು. ಅವರು ನಿಲ್ಲಿಸಲಿಲ್ಲ."

ಅಪ್ಪ ಎಂಬ ಶಬ್ದ ಇರಬೇಕಾದ ಜಾಗದಲ್ಲಿ 'ಅವರು' ಬಂದು ಕೂತಿತ್ತು.

"ಲೆಕ್ಕ ಮಾಡದೆ ಉತ್ತರ ಬರೆದವರಿಗೆ ನಾನು ಯಾವತ್ತಾದ್ರೂ ಮಾರ್ಕ್ಸ್ ಕೊಟ್ಟಿದ್ದೀನೇನೆ?" ಎಂದೆ.

ಆಗ ಅವಳು ಅತ್ತಳು. ತಾಯಿ ಸತ್ತು ಇಷ್ಟು ತಿಂಗಳಾದ ಮೇಲೆ ಮೊದಲ ಸಲ, ಡೆಸ್ಕಿಗೆ ಹಣೆ ಊರಿಕೊಂಡು. ನಾನು ಬೆನ್ನು ಸವರುವುದರಲ್ಲಿ ಜಾಣೆಯಲ್ಲ. ಪಕ್ಕದಲ್ಲಿ ಕೂತೆ. ನನ್ನ ಬಸ್ಸು ಹೊರಟುಹೋಯಿತು, ಇನ್ನೊಂದೂ ಹೋಯಿತು. ಕೊನೆಗೆ ಅವಳು ಮೂಗು ಒರೆಸಿಕೊಂಡು, "ಮೊದಲಿಂದ ಹೇಳಿಕೊಡಿ ಮೇಡಂ," ಎಂದಳು.

ಮುಂದಿನ ದಿನಗಳಲ್ಲಿ ಅವಳು ಆ ಪಾಠವನ್ನು ಓದಿದ ಬಗೆಯನ್ನು ನಾನು ಮರೆಯುವುದಿಲ್ಲ. ಮುಳ್ಳಿನ ಮೇಲೆ ಕಾಲಿಡುವವರ ಹಾಗೆ ಒಂದೊಂದೇ ಸಾಲು. ಬುಗುರಿ, ಗುಂಡು, ತಟ್ಟೆ ಬಂದರೆ ಸರಾಗವಾಗಿ ಹೋಗುತ್ತಿದ್ದಳು. ಗಾಲಿಗೆ ಹಗ್ಗ ಸುತ್ತಿದ ಚಿತ್ರ ಬಂದರೆ ಎದ್ದು ನಲ್ಲಿಯ ಹತ್ತಿರ ಹೋಗಿ ಬರುತ್ತಿದ್ದಳು. ನಾನು ಏನೂ ಅನ್ನುತ್ತಿರಲಿಲ್ಲ. ಬಂದು ಕೂತು ಅದೇ ಲೆಕ್ಕವನ್ನು ಮುಗಿಸಿ ಮುಂದಕ್ಕೆ ಹೋಗುವಳು. ಪರೀಕ್ಷೆಯ ಯೋಚನೆ ನಮ್ಮಿಬ್ಬರಿಗೂ ಇದ್ದ ಹಾಗಿರಲಿಲ್ಲ. ಅವಳ ಕಣ್ಣು ಬೇರೆ ಒಂದು ಲೆಕ್ಕದ ಮೇಲಿತ್ತು, ನನ್ನದೂ ಕೂಡ.

ಪಾಠ ಮುಗಿದ ದಿನ ಕೇಳಿದಳು. "ಗಾಲಿ ಒಂದು ಸೆಕೆಂಡಿಗೆ ಎಷ್ಟು ಸುತ್ತು ಬರುತ್ತೆ ಅಂತ ಗೊತ್ತಾದರೆ ಸಾಕಲ್ಲವಾ ಮೇಡಂ?"

"ಸಾಕು. ಅದಕ್ಕೆ ಗಾಲಿಯ ಅಳತೆ ಬೇಕು."

"ನಾಳೆ ಅಳೀತೀನಿ. ನೀವೂ ಬನ್ನಿ."

ನಾಳೆ ಯುಗಾದಿಯ ಹಿಂದಿನ ಅಮಾವಾಸ್ಯೆ ಎಂಬುದು ಅವಳಿಗೆ ಗೊತ್ತಿರಲಿಲ್ಲವೋ, ಗೊತ್ತಿದ್ದೇ ಹೇಳಿದಳೋ, ನಾನು ಕೇಳಲಿಲ್ಲ. ವರ್ಷ ತುಂಬದ ಮನೆ, ಆ ಮನೆಯಲ್ಲಿ ಈ ಸಲ ಹಬ್ಬವಿಲ್ಲ.

ನಾನು ಹೋದಾಗ ಶಾಪಿನ ಮುಂಬಾಗಿಲು ಹಾಕಿತ್ತು. ಕೀರ್ತನ ಬಂದು ಕರೆದಳು, ಹಿಂದಿನ ಮನೆಯಿಂದ ಒಳಗೆ ಹೋದೆವು. ಶಾಪಿನ ನೆಲ ಗುಡಿಸಿ ಸಾರಿಸಿ, ಒಂದು ಚಾಪೆಯ ಮೇಲೆ ಉಪಕರಣಗಳನ್ನೆಲ್ಲ ಸಾಲಾಗಿ ಇಟ್ಟಿದ್ದರು. ಪ್ರತಿಯೊಂದರ ಮೇಲೂ ಕುಂಕುಮದ ಬೊಟ್ಟು, ಒಂದೆಸಳು ಚೆಂಡುಹೂವು. ಆಚಾರ್ರ ತಾಯಿ ವೆಂಕಟಮ್ಮ ಗೋಡೆಗೊರಗಿ ಕೂತಿದ್ದರು. ಆಚಾರ್ರು ನನ್ನನ್ನು ನೋಡಿ ಎದ್ದು ನಿಂತರು. ಯಾಕೆ ಬಂದೆನೆಂದು ಅವರಿಗೆ ಗೊತ್ತಾಗಿರಬೇಕು.

ಕೀರ್ತನ ನೇರವಾಗಿ ಹೋಗಿ ಆ ಸಾಲಿನಿಂದ ಅಳತೆಪಟ್ಟಿಯನ್ನು ಎತ್ತಿಕೊಂಡಳು.

"ಅಮಾಸೆ ಕನವ್ವ," ಎಂದರು ವೆಂಕಟಮ್ಮ. "ಅದುನ್ನ ಮಡುಗು.  ಮುಟ್ಟಬಾರ್ದು."

ಕೀರ್ತನ ಮಡಗಲಿಲ್ಲ. ಪಟ್ಟಿಯ ಮೇಲಿನ ಕುಂಕುಮ ಅವಳ ಬೆರಳಿಗೆ ಹತ್ತಿತ್ತು.

"ತಕ್ಕಳ್ಳಿ ಬುಡವ್ವ," ಎಂದರು ಆಚಾರ್ರು.

ವೆಂಕಟಮ್ಮ ಮಗನನ್ನೂ ಮೊಮ್ಮಗಳನ್ನೂ ನೋಡಿ, ಸೆರಗನ್ನು ಬಾಯಿಗೆ ಒತ್ತಿಕೊಂಡು ಎದ್ದು ಒಳಗೆ ಹೋದರು. ಆ ಭೀಮನ ಅಮಾವಾಸ್ಯೆಯ ದಿನ ಯಾರಾದರೂ ಇದೇ ಮಾತು ಹೇಳಿದ್ದರೆ ಎಂಬುದು ಅಲ್ಲಿದ್ದ ಎಲ್ಲರ ಮನಸ್ಸಿಗೂ ಬಂದಿರಬೇಕು. ನನಗಂತೂ ಬಂತು.

ಬೈಕು ಶಾಪಿನ ಮೂಲೆಯಲ್ಲಿ ಟಾರ್ಪಾಲಿನ ಕೆಳಗಿತ್ತು. ಆಷಾಢದಿಂದ ಅದನ್ನು ಯಾರೂ ಓಡಿಸಿರಲಿಲ್ಲ, ಮಾರಿಯೂ ಇರಲಿಲ್ಲ. ಕೀರ್ತನ ಟಾರ್ಪಾಲು ಸರಿಸಿದಳು. ಹಿಂದಿನ ಗಾಲಿಯ ಮುಂದೆ ಕುಕ್ಕರಗಾಲಿನಲ್ಲಿ ಕೂತು ಟೈರಿನ ಸುತ್ತಳತೆ ಹಿಡಿದಳು, ಕಡ್ಡಿಗಳು ಸೇರುವ ನಡುವಿನ ಗುಂಬದ ಸುತ್ತಳತೆ ಹಿಡಿದಳು. ಆಮೇಲೆ ನನ್ನ ಕಡೆ ತಿರುಗಿ, "ಎಷ್ಟು ಸ್ಪೀಡಲ್ಲಿ ಇತ್ತು ಕೇಳಿ ಮೇಡಂ," ಎಂದಳು.

ಆಚಾರ್ರು ಎರಡು ಮಾರು ದೂರದಲ್ಲೇ ನಿಂತಿದ್ದರು. ಆದರೂ ನಾನು ಕೇಳಿದೆ.

"ನಲವತ್ತು ಇರಬೋದು. ಅದುಕ್ಕಿಂತ ಜೋರು ಓಡ್ಸಲ್ಲ," ಎಂದು ನನಗೆ ಹೇಳಿದರು.

"ಸೆರಗು ಎಷ್ಟುದ್ದ ಬಿಚ್ಚಿಕೊಂಡಿರಬಹುದು ಕೇಳಿ."

ಅದನ್ನು ಕೇಳುವುದಕ್ಕೆ ನನ್ನಿಂದ ಆಗಲಿಲ್ಲ. ಆಚಾರ್ರು ತಾವೇ ಎರಡು ಕೈ ಚಾಚಿ ತೋರಿಸಿದರು. ಕೀರ್ತನ ಅದನ್ನೂ ಅಳತೆಪಟ್ಟಿಯಿಂದ ಅಳೆದಳು. ಅಪ್ಪನ ಒಂದು ಕೈಯಿಂದ ಇನ್ನೊಂದು ಕೈಗೆ ಪಟ್ಟಿ ಹಿಡಿಯುವಾಗ ಅವಳು ಅವರ ಮುಖ ನೋಡಲಿಲ್ಲ.

ಗೇಟಿಗೆಂದು ತಂದಿದ್ದ ಒಂದು ತಗಡು ಗೋಡೆಗೆ ಒರಗಿತ್ತು. ಅದರ ಮೇಲೆ ಸೀಮೆಸುಣ್ಣದಲ್ಲಿ ಲೆಕ್ಕ ಶುರುಮಾಡಿದಳು. ನಾನು ಹಿಂದೆ ನಿಂತು ನೋಡಿದೆ. ನಲವತ್ತರ ಓಟದಲ್ಲಿ ಆ ಗಾಲಿ ಒಂದು ಸೆಕೆಂಡಿಗೆ ಹತ್ತಿರ ಹತ್ತಿರ ಆರು ಸುತ್ತು ಬರುತ್ತದೆ. ಬಟ್ಟೆಯ ತುದಿ ಒಂದು ಸಲ ಸಿಕ್ಕಿತೆಂದರೆ ಮಿಕ್ಕಿದ್ದನ್ನೆಲ್ಲ ಎಳೆದುಕೊಳ್ಳುವುದಕ್ಕೆ ಎಷ್ಟು ಹೊತ್ತು ಬೇಕು? ತೀರ ನಿಧಾನ ಎಂದರೂ, ನಡುವಿನ ಗುಂಬಕ್ಕೇ ಸುತ್ತಿಕೊಂಡಿತು ಎಂದು ಹಿಡಿದರೂ, ಅರ್ಧ ಸೆಕೆಂಡು ಆಗುವುದಿಲ್ಲ. ಅವಳು ಉತ್ತರದ ಕೆಳಗೆ ಗೆರೆ ಎಳೆದಳು. ಒರೆಸಿ ಇನ್ನೊಂದು ಸಲ ಮಾಡಿದಳು. ಸೆರಗನ್ನು ಇನ್ನೂ ಉದ್ದ ಹಿಡಿದು, ಗಾಡಿಯನ್ನು ಇನ್ನೂ ನಿಧಾನ ಹಿಡಿದು ಮತ್ತೊಂದು ಸಲ ಮಾಡಿದಳು. ಉತ್ತರ ಅಲ್ಲೇ ಅಕ್ಕಪಕ್ಕದಲ್ಲಿ ಬಂತು.

ಸೀಮೆಸುಣ್ಣ ಕೆಳಗಿಟ್ಟು ನನ್ನನ್ನು ನೋಡಿದಳು. ಸರಿಯಾ ಎಂದು ಬಾಯಿಬಿಟ್ಟು ಕೇಳಲಿಲ್ಲ. ನಾನು ತಲೆಯಾಡಿಸಿದೆ.

"ಅಪ್ಪ," ಎಂದಳು.

ಆಚಾರ್ರು ಬೆಚ್ಚಿದವರ ಹಾಗೆ ಒಂದು ಹೆಜ್ಜೆ ಮುಂದೆ ಬಂದರು.

"ನೂಲು ಸುತ್ಕಳಂಗೆ ನಿಧಾನಕ್ಕೆ ಸುತ್ಕಳಲ್ಲ ಅಪ್ಪ ಅದು. ನೀನು ಅಂದ್ಕಂಡಿರಂಗೆ ಆಗಿಲ್ಲ. ಸಿಕ್ತು ಅಂದ್ರೆ ಆಯ್ತು, ಕಣ್ಣು ಮಿಟುಕ್ಸದ್ರೊಳಗೆ ಮುಗುದೋಯ್ತದೆ. ಆಮೇಲೆ ರೀ ಅನ್ನಕ್ಕೂ ಟೈಮಿರಲ್ಲ. ಬ್ರೇಕ್ ಆಕಕ್ಕೂ ಇರಲ್ಲ. ಯಾರಿದ್ರೂ ಆಯ್ತಿರಲಿಲ್ಲ."

"ಇನ್ನೊಂದ್ಸಲ ಯೋಳು ಮಗಾ."

ಅವಳು ಇನ್ನೊಂದು ಸಲ ಹೇಳಿದಳು, ಇನ್ನೂ ಬಿಡಿಸಿ. "ಅಮ್ಮ ಕರ್ದಿದ್ದು ಸೇತುವೆ ಮೇಲೆ. ಬಿದ್ದಿದ್ದು ಅರಳಿಮರದ ತಾವು. ಸೇತುವೆಯಿಂದ ಮರುಕ್ಕೆ ಎಷ್ಟೊಂದು ದೂರ ಅದೆ. ಸೇತುವೆ ಮೇಲೇ ಸಿಕ್ಕಿದ್ರೆ ಸೇತುವೆ ಮೇಲೇ ಬೀಳ್ತಿದ್ಲು. ಸಿಕ್ಕಿದ್ದು ಮರದ ತಾವೇಯ. ಅಮ್ಮ ರೀ ಅಂದಾಗ ಸೀರೆ ಗಾಲಿಗೆ ಸಿಕ್ಕೇ ಇರ್ಲಿಲ್ಲ ಅಪ್ಪ. ಕಾಪಾಡಿ ಅಂತ ಅವಳು ನಿನ್ನ ಕರೀಲಿಲ್ಲ."

ಆಚಾರ್ರು ತಗಡಿನ ಹತ್ತಿರ ಬಂದು ಆ ಅಂಕಿಗಳನ್ನು ಒಂದೊಂದಾಗಿ ನೋಡಿದರು. ಅವು ಅವರಿಗೆ ಅರ್ಥವಾಗುವ ಅಂಕಿಗಳಲ್ಲ. ಆದರೆ ಬರೆದ ಕೈ ಮಗಳದು. ಅಲ್ಲೇ ಸ್ಟೂಲಿನ ಮೇಲೆ ಕೂತುಬಿಟ್ಟರು. ಕೀರ್ತನ ಅವರ ಪಕ್ಕದಲ್ಲಿ ನೆಲದ ಮೇಲೆ ಕೂತಳು. ಆಚಾರ್ರು ಕೈ ಎತ್ತಿ ಅವಳ ತಲೆಯ ಮೇಲೆ ಇಟ್ಟರು. ನನಗೆ ಕಣ್ಣು ತುಂಬಿ ಬಂತು, ಸುಳ್ಳು ಯಾಕೆ ಹೇಳಲಿ, ಹೆಮ್ಮೆಯೂ ಆಯಿತು. ಇಷ್ಟು ವರ್ಷ ಈ ಪಾಠ ಹೇಳಿ ಎಷ್ಟೋ ಮಕ್ಕಳಿಗೆ ಸೀಟು ಕೊಡಿಸಿದ್ದೇನೆ, ಒಬ್ಬರ ಎದೆಯ ಮೇಲಿನ ಕಲ್ಲು ಇಳಿದದ್ದನ್ನು ನೋಡಿದ್ದು ಇದೇ ಮೊದಲು. ಇನ್ನು ಇವಳು ಪರೀಕ್ಷೆ ಬರೆಯುತ್ತಾಳೆ, ಎಲ್ಲ ಸರಿಹೋಗುತ್ತದೆ ಎಂದುಕೊಂಡೆ.

ಆಚಾರ್ರು ಆಮೇಲೆ ಕೇಳಿದರು.

"ಅಂಗಾರೆ ಯಾಕೆ ಕರ್ದ್ಲು ಮಗಾ?"

ಕೀರ್ತನ ತಗಡಿನ ಕಡೆ ನೋಡಿದಳು. ಅಲ್ಲಿ ಅದಕ್ಕೆ ಏನೂ ಇರಲಿಲ್ಲ.

ಸೆರಗು ಸೊಂಟದಿಂದ ಬಿಚ್ಚಿಕೊಂಡಿದೆ, ಗಾಡಿ ನಿಲ್ಲಿಸಿ ಎನ್ನುವುದಕ್ಕೂ ಕರೆದಿರಬಹುದು. ಅದು ನನ್ನ ತಲೆಗೆ ಬಂತು. ಅವರಿಬ್ಬರ ಮುಖ ನೋಡಿದೆ, ಅವರಿಗೂ ಬಂದಿತ್ತು. ಮೂವರಲ್ಲಿ ಒಬ್ಬರೂ ಅದನ್ನು ಆಡಲಿಲ್ಲ.

"ಹೂವು ತಗೋಬೇಕಾಗಿತ್ತೇನೋ," ಎಂದಳು ಕೀರ್ತನ.

"ಹೂವ ಮನೇಲೇ ಕಟ್ಟಿ ತಂದಿದ್ಲು."

"ಕರ್ಪೂರ ಮರ್ತಿದ್ಲೇನೋ."

"ಇಲ್ಲ. ಕರ್ಪೂರ ನನ್ನ ಜೇಬಲ್ಲೇ ಇತ್ತು. ಒಲೆ ಆರ್ಸಿದ್ನೋ ಇಲ್ವೋ ಅಂತ ಅವ್ಳಿಗೆ ಯಾವಾಗ್ಲೂ ಅನುಮಾನ. ಅದುನ್ನ ಕೇಳಕ್ಕೇನೋ."

"ಅಜ್ಜಿ ಮನೇಲಿತ್ತಲ್ಲ ಅಪ್ಪ."

"ಊ. ಅದೂ ಅಲ್ಲ."

"ನಾಲೇಲಿ ನೀರು ಬಿಟ್ಟಿದ್ರಾ ಅವತ್ತು? ನೀರು ನೋಡಿ ಅನ್ನಕ್ಕಿರಬೋದು. ಅಮ್ಮಂಗೆ ತುಂಬಿದ ನಾಲೆ ನೋಡೋದಂದ್ರೆ ಇಷ್ಟ."

"ಬಿಟ್ಟಿದ್ರು ಮಗಾ. ತುಂಬ ಬಿಟ್ಟಿದ್ರು," ಎಂದ ಆಚಾರ್ರು ಅದನ್ನು ಸ್ವಲ್ಪ ಹೊತ್ತು ಮನಸ್ಸಿನಲ್ಲಿ ಇಟ್ಟುಕೊಂಡು ನೋಡಿದರು. ಆಮೇಲೆ ತಲೆಯಾಡಿಸಿದರು. "ಏನೋ. ಗೊತ್ತಿಲ್ಲ."

ನಾನು ಸದ್ದಿಲ್ಲದೆ ಹಿಂದಿನ ಬಾಗಿಲಿಗೆ ಬಂದೆ. ಅಲ್ಲಿ ಹೊಸಿಲ ಮೇಲೆ ವೆಂಕಟಮ್ಮ ಮೊಣಕಾಲಿಗೆ ಮುಖವಿಟ್ಟು ಕೂತಿದ್ದರು. ಅವರನ್ನು ದಾಟಿ ಚಪ್ಪಲಿ ಮೆಟ್ಟಿಕೊಳ್ಳುವಾಗಲೂ ಒಳಗೆ ಅಪ್ಪ ಮಗಳು ಹುಡುಕುತ್ತಲೇ ಇದ್ದರು. ಮಗಳು ಒಂದು ಹೇಳುವುದು, ಅಪ್ಪ ಅಲ್ಲ ಅನ್ನುವುದು. ಆಮೇಲೆ ಆಚಾರ್ರ ದನಿ ಕೇಳಿಸಿತು.

"ಇರು ಅನ್ನೋ ಬದ್ಲು ಏನು ಅಂತ ಕೇಳಿದ್ರೆ, ಇವತ್ತು ನಮ್ಗೆ ಗೊತ್ತಿರದು ಮಗಾ."